ಪಡ್ರೆಯ ಎಂಡೋಸಲ್ಫಾನ್ ಶೋಧನೆಗಳು: ಒಂದು ಪರಿಶೀಲನೆ

ಒಂದು ಊರಿನ ಜನರು ತಮ್ಮ ಗಾಳಿಯಲ್ಲಿ, ನೀರಿನಲ್ಲಿ ವಿಷ ಬೆರೆತಿದೆಯೆಂದು ದೂರಿದಾಗ ನಿಜಸ್ಥಿತಿಯನ್ನು ಅರಿಯುವ ಹೊಣೆ ಸರಕಾರದ್ದಾಗಿರುತ್ತದೆ. ಸರಕಾರವು ವೈದ್ಯರನ್ನೂ ರಸಾಯನಶಾಸ್ತ್ರಜ್ಞರನ್ನೂ ಕಳುಹಿಸುತ್ತದೆ. ಅವರು ನೀರು, ಮಣ್ಣು, ರಕ್ತಗಳನ್ನು ಪರೀಕ್ಷಿಸಿ ವರದಿಯೊಪ್ಪಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಸರಳವಾದ ಕಾರ್ಯವೆಂದೇ ತೋರುವುದು. ಆದರೆ ಒಂದೇ ಪ್ರದೇಶವನ್ನು ಕುರಿತು ನೇಮಕವಾದ ತಂಡಗಳು ಪರಸ್ಪರ ವಿರುದ್ಧವಾದ ತೀರ್ಮಾನಗಳಿಗೆ ಬಂದ ಪ್ರಸಂಗವು ನಮ್ಮ ನೆರೆಯಲ್ಲಿಯೇ ಉಂಟು. ಅದೇ ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಎಂಡೋಸಲ್ಫಾನ್ ಪ್ರಸಂಗ. ಅದರ ದುಃಖದ ಕಥೆ ಪತ್ರಿಕೆಗಳ ಮೂಲಕ ಕನ್ನಡಿಗರಿಗೆ ಬಹುಮಟ್ಟಿಗೆ ಪರಿಚಿತವಾಗಿದೆ. ಅಲ್ಲಿ ನಡೆದ ಶೋಧನೆಗಳು ಯಾವ ಪ್ರಶ್ನೆಗಳನ್ನು ಕೇಳಿದವು, ಯಾವ ಕ್ರಮದಿಂದ ಉತ್ತರವನ್ನು ಹುಡುಕಿದವು, ಆ ಉತ್ತರಗಳು ಏಕೆ ಬೇರೆಬೇರೆಯಾದವು ಎಂಬ ವಿಷಯವು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಪಡ್ರೆಯು ಎಣ್ಮಕಜೆ ಪಂಚಾಯತಿಗೆ ಸೇರಿದ ಗಡಿನಾಡಿನ ಗ್ರಾಮ. ಕನ್ನಡ, ತುಳು, ಮಲಯಾಳ ಮೊದಲಾದ ನುಡಿಗಳನ್ನಾಡುವ ಜನರು ಅಲ್ಲಿ ನೆಲಸಿದ್ದಾರೆ. ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳಿವೆ. ಕೆಳಗಿನ ಕಣಿವೆಗಳಲ್ಲಿ ಮನೆಗಳೂ ಅಡಕೆಯ ತೋಟಗಳೂ ಇವೆ. ಕುಡಿಯುವ ನೀರಿಗಾಗಿ ಜನರು ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳನ್ನೂ, ಅಲ್ಲಿಯವರು ತೋಡುಗಳೆಂದು ಕರೆಯುವ ಹಳ್ಳಗಳನ್ನೂ ಆಶ್ರಯಿಸಿದ್ದರು. ಗೇರುಮರವು ಚಿಗುರಿ ಹೂಬಿಡುವ ಕಾಲದಲ್ಲಿ ಟೀ ಸೊಳ್ಳೆಯೆಂಬ ಕೀಟದ ಬಾಧೆ ಅದಕ್ಕೆ ತಗಲುತ್ತದೆ. ಇದನ್ನು ಹತೋಟಿಯಲ್ಲಿಡಲು 1970ರ ದಶಕದ ಕೊನೆಯಿಂದ 2000ದವರೆಗೆ, ಜಿಲ್ಲೆಯ ಸುಮಾರು 4,700 ಹೆಕ್ಟೇರ್ ಗೇರುತೋಟಗಳ ಮೇಲೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಗುತ್ತಿತ್ತು. ಸಮತಟ್ಟಾದ ಬಯಲಿನಲ್ಲಾದರೆ ಹೆಲಿಕಾಪ್ಟರು ಮರಗಳ ತಲೆಗೆ ಸಮೀಪವಾಗಿ ಒಂದೇ ಎತ್ತರದಲ್ಲಿ ಹಾರಬಲ್ಲುದು. ಏರಿಳಿತದ ಗುಡ್ಡಗಳಲ್ಲಿ ಅದು ಸುಲಭಸಾಧ್ಯವಲ್ಲ. ಎತ್ತರದಿಂದ ಬಿದ್ದ ಹನಿಗಳು ಗಾಳಿಗೆ ಸಿಕ್ಕಿ ಕಣಿವೆಗೆ ಇಳಿಯುತ್ತವೆ. ಮಣ್ಣಿಗೆ ಬಿದ್ದ ಅಂಶವು ಮಳೆಯ ನೀರಿನೊಡನೆ ಹಳ್ಳಗಳನ್ನು ಸೇರುತ್ತದೆ. ನಮ್ಮ ರಾಜ್ಯದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಮೊದಲಾದ ಗ್ರಾಮಗಳ ಗೇರುತೋಟಗಳಲ್ಲಿಯೂ ಇದೇ ಬಗೆಯ ಸಿಂಪರಣೆ ನಡೆದು, ಅಲ್ಲಿಂದಲೂ ಇಂತಹವೇ ದೂರುಗಳು ಬಂದವು.

ವಿಷದ ಶಂಕೆಯನ್ನು ಮೊದಲು ತಾಳಿದವರು ಸ್ಥಳೀಯರು. ಪತ್ರಕರ್ತರಾದ ಶ್ರೀ ಪಡ್ರೆಯವರು ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಗುರುತಿಸಿ ಬರೆದರು. ವಾಣಿನಗರದಲ್ಲಿ ವೈದ್ಯವೃತ್ತಿಯಲ್ಲಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಮೊದಲಾದವು ಒಂದು ಚಿಕ್ಕ ಗ್ರಾಮಕ್ಕೆ ಮೀರಿದ ಪ್ರಮಾಣದಲ್ಲಿರುವುದನ್ನು ಕಂಡರು. ಪೆರಿಯದಲ್ಲಿ ವಾಸವಾಗಿದ್ದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ವೈಮಾನಿಕ ಸಿಂಪರಣೆ 2000ದ ಡಿಸೆಂಬರಿನ ತರುವಾಯ ನಿಂತುಹೋಯಿತು. ಆದರೆ ರೋಗಗಳಿಗೆ ಕಾರಣವೇನೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಇಂತಹ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಬಿಡಿಸಬೇಕಾದರೆ ಅದನ್ನು ಮೂರಾಗಿ ವಿಂಗಡಿಸಿಕೊಳ್ಳಬೇಕು. ಮೊದಲನೆಯದು, ವಿಷವು ಜನರ ದೇಹವನ್ನು ಸೇರಿದೆಯೇ? ಎರಡನೆಯದು, ಇಲ್ಲಿಯ ರೋಗಗಳ ಪ್ರಮಾಣವು ವಿಷಸಂಪರ್ಕವಿಲ್ಲದ ಊರಿನದಕ್ಕಿಂತ ಹೆಚ್ಚಾಗಿದೆಯೇ? ಮೂರನೆಯದು, ಹೆಚ್ಚಾಗಿದ್ದರೆ ಅದಕ್ಕೆ ಬೇರೆ ಕಾರಣವಿರಬಹುದೇ? ಒಂದು ಪ್ರಶ್ನೆಗೆ ದೊರೆತ ಉತ್ತರವನ್ನು ಮತ್ತೊಂದಕ್ಕೂ ಅನ್ವಯಿಸುವುದರಿಂದಲೇ ಬಹುತೇಕ ಗೊಂದಲಗಳು ಹುಟ್ಟುತ್ತವೆ.

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು ಪಡ್ರೆಯಿಂದ ತಂದ ನೀರು, ಆಹಾರ, ರಕ್ತ ಮೊದಲಾದ ಮಾದರಿಗಳಲ್ಲಿ ಎಂಡೋಸಲ್ಫಾನ್ ಬಹಳ ಹೆಚ್ಚಿನ ಪ್ರಮಾಣದಲ್ಲಿದೆಯೆಂದು ಪ್ರಕಟಿಸಿತು. ಅದೇ ವರ್ಷ ಮತ್ತೊಂದು ಪ್ರಯೋಗಾಲಯವು ಜನರ ರಕ್ತದಲ್ಲಿ ಅದರ ಶೇಷವೇ ಇಲ್ಲವೆಂದು ವರದಿ ಮಾಡಿತು. ಈ ಎರಡರ ನಡುವೆ ಸಾಮಾನ್ಯ ಓದುಗನು ಯಾವುದನ್ನು ನಂಬಬೇಕು? ಇಲ್ಲಿ ಎಂಡೋಸಲ್ಫಾನಿನ ಗುಣವನ್ನು ತಿಳಿಯುವುದು ಅವಶ್ಯಕ. ಅದು ಕ್ಲೋರಿನ್‌ಯುಕ್ತ ಸಾವಯವ ಸಂಯುಕ್ತ. ಮಾರಾಟದ ಔಷಧದಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು ಸುಮಾರು ಏಳಕ್ಕೆ ಮೂರರ ಪ್ರಮಾಣದಲ್ಲಿರುತ್ತವೆ. ಮಣ್ಣಿನಲ್ಲಿ ಆಲ್ಫಾ ರೂಪವು ಬೇಗನೆ ನಶಿಸುವುದು. ಬೀಟಾ ರೂಪವೂ, ಇವೆರಡರಿಂದ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟೂ ಹೆಚ್ಚು ಕಾಲ ಉಳಿಯುವವು. ಆದರೆ ರಕ್ತದಲ್ಲಿ ಅದು ದೀರ್ಘಕಾಲ ನಿಲ್ಲುವಂತಹುದಲ್ಲ. ಆದುದರಿಂದ ಮಾದರಿಯನ್ನು ಸಿಂಪರಣೆಯ ತರುವಾಯ ಎಷ್ಟು ದಿನಗಳಿಗೆ ತೆಗೆಯಲಾಯಿತು, ಯಾವ ರೂಪಗಳನ್ನು ಹುಡುಕಲಾಯಿತು, ಉಪಕರಣವು ಎಷ್ಟು ಸೂಕ್ಷ್ಮವಾದ ಪ್ರಮಾಣವನ್ನು ಗುರುತಿಸಬಲ್ಲುದು ಎಂಬ ವಿವರಗಳಿಲ್ಲದೆ ‘ಕಂಡುಬರಲಿಲ್ಲ’ ಎಂಬ ಮಾತಿಗೆ ಹೆಚ್ಚಿನ ಬೆಲೆಯಿಲ್ಲ. ಇಂದು ರಕ್ತ ಶುದ್ಧವಾಗಿದೆಯೆಂದರೆ ಇಪ್ಪತ್ತು ವರ್ಷ ಅದು ಶುದ್ಧವಾಗಿತ್ತೆಂದು ಅರ್ಥವಲ್ಲ. ‘ಕಂಡುಬಂದಿತು’ ಎಂಬ ಮಾತಿಗೂ ಇದೇ ಪರೀಕ್ಷೆ ತಕ್ಕುದು. ಯಾವ ವಿಧಾನದಿಂದ, ಯಾವ ಮಾದರಿಯಲ್ಲಿ, ಎಷ್ಟು ಎಂದು ಅದನ್ನೂ ಕೇಳಬೇಕು.

ಎರಡನೆಯ ಪ್ರಶ್ನೆಗೆ ಕ್ರಮಬದ್ಧವಾಗಿ ಉತ್ತರವನ್ನು ಹುಡುಕಿದವರು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪತ್ರಿಕಾವರದಿಗಳನ್ನು ಗಮನಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಿಂದ ವರದಿಯನ್ನು ಕೇಳಿತು. ಮಂಡಳಿಗೆ ಸೇರಿದ ಈ ಸಂಸ್ಥೆಯು 2001ರಲ್ಲಿ ಪಡ್ರೆಗೆ ತಂಡವನ್ನು ಕಳುಹಿಸಿತು. ತಂಡವು ಪಡ್ರೆಯೊಂದನ್ನೇ ನೋಡದೆ, ವೈಮಾನಿಕ ಸಿಂಪರಣೆ ನಡೆಯದ ಮೀಂಜ ಪಂಚಾಯತಿಯನ್ನು ಹೋಲಿಕೆಗಾಗಿ ಆರಿಸಿಕೊಂಡಿತು. ಎರಡೂ ಒಂದೇ ಜಿಲ್ಲೆಯವು. ಜನರ ಆಹಾರ, ಕಸುಬು, ಜೀವನಕ್ರಮಗಳಲ್ಲಿ ಹೆಚ್ಚಿನ ಭೇದವಿಲ್ಲ. ಇಂತಹ ಹೋಲಿಕೆಯಿಲ್ಲದಿದ್ದರೆ ಪಡ್ರೆಯಲ್ಲಿ ರೋಗಗಳಿವೆಯೆಂದು ಹೇಳಬಹುದೇ ಹೊರತು ರೋಗಗಳು ಹೆಚ್ಚಾಗಿವೆಯೆಂದು ಹೇಳಲಾಗದು. ರೋಗಗಳಿಲ್ಲದ ಊರಾದರೂ ಎಲ್ಲಿದೆ?

ಈ ಶೋಧನೆಯ ಒಂದು ಭಾಗವು 2003ರಲ್ಲಿ ಅಂತರರಾಷ್ಟ್ರೀಯ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಗೇರುತೋಟಗಳ ತಪ್ಪಲಿನ ಗ್ರಾಮದ 10ರಿಂದ 19 ವರ್ಷ ವಯಸ್ಸಿನ 117 ಮಂದಿ ಗಂಡುಮಕ್ಕಳನ್ನೂ, ಹೋಲಿಕೆಗಾಗಿ 90 ಮಂದಿಯನ್ನೂ ಪರೀಕ್ಷಿಸಲಾಗಿತ್ತು. ಮೊದಲನೆಯ ಗುಂಪಿನ ಮಕ್ಕಳ ರಕ್ತಸಾರದಲ್ಲಿ ಎಂಡೋಸಲ್ಫಾನಿನ ಸರಾಸರಿ ಪ್ರಮಾಣ ನೂರು ಕೋಟಿಗೆ 7.47 ಭಾಗ, ಎರಡನೆಯ ಗುಂಪಿನಲ್ಲಿ 1.37 ಭಾಗ. ಇಷ್ಟು ಅಂತರವು ಕೇವಲ ಆಕಸ್ಮಿಕವಾಗಿ ಉಂಟಾಗುವ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಕೊನೆಯ ವೈಮಾನಿಕ ಸಿಂಪರಣೆ ಮುಗಿದು ತಿಂಗಳುಗಳು ಕಳೆದ ಮೇಲೂ ಈ ಅಂತರ ಉಳಿದಿತ್ತೆಂಬುದು ಗಮನಾರ್ಹ. ವಯಸ್ಸಿನ ವ್ಯತ್ಯಾಸವನ್ನು ಗಣನೆಗೆ ತಂದು ನೋಡಿದಾಗಲೂ ವಿಷಸಂಪರ್ಕಕ್ಕೊಳಗಾದ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯೆಂದೂ, ಅವರ ಹಾರ್ಮೋನುಗಳ ಉತ್ಪತ್ತಿಯಲ್ಲಿ ವ್ಯತ್ಯಾಸವಿದೆಯೆಂದೂ ಕಂಡುಬಂದಿತು.

ಇದೇ ಲೇಖನದ ಮತ್ತೊಂದು ಅಂಕಿಯು ವಿದ್ಯಾರ್ಥಿಗಳಿಗೆ ಇನ್ನೂ ಹೆಚ್ಚು ಬೋಧಪ್ರದವಾಗಿದೆ. ವೃಷಣಗಳ ಇಳಿಕೆಗೆ ಸಂಬಂಧಿಸಿದ ಹುಟ್ಟುದೋಷಗಳು ಮೊದಲನೆಯ ಗುಂಪಿನಲ್ಲಿ ಶೇಕಡ 5.1, ಎರಡನೆಯದರಲ್ಲಿ ಶೇಕಡ 1.1 ಇದ್ದವು. ಐದು ಪಟ್ಟಿಗೆ ಸಮೀಪವಾದ ಅಂತರ. ಆದರೂ ಇದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನಿರ್ಣಾಯಕವಲ್ಲವೆಂದು ಶೋಧಕರೇ ಒಪ್ಪಿಕೊಂಡರು. ಏಕೆಂದರೆ ಶೇಕಡಾಂಶಗಳನ್ನು ಬಿಟ್ಟು ಎಣಿಕೆಗೆ ಬಂದರೆ, 117ರಲ್ಲಿ ಆರು ಮಕ್ಕಳು, 90ರಲ್ಲಿ ಒಂದು ಮಗು. ಅಷ್ಟು ಸಣ್ಣ ಸಂಖ್ಯೆಗಳಲ್ಲಿ ಆಕಸ್ಮಿಕಕ್ಕೆ ಎಡೆಯಿದ್ದೇ ಇದೆ. ಸಾವಿರ ಸಾವಿರ ಮಕ್ಕಳನ್ನು ನೋಡಿ ಇದೇ ಪ್ರಮಾಣ ಬಂದಿದ್ದರೆ ಸಂದೇಹಕ್ಕೆ ಅವಕಾಶವಿರುತ್ತಿರಲಿಲ್ಲ. ಆದರೆ ಅಷ್ಟು ಮಕ್ಕಳು ಒಂದು ಗ್ರಾಮದಲ್ಲಿರುವುದಿಲ್ಲ. ಸಣ್ಣ ಊರಿಗೆ ಒದಗಿದ ಹಾನಿಯನ್ನು ಸಿದ್ಧಪಡಿಸುವುದು ಊರು ಸಣ್ಣದೆಂಬ ಕಾರಣದಿಂದಲೇ ಕಷ್ಟವಾಗುತ್ತದೆ. ಆದುದರಿಂದ ‘ನಿರ್ಣಾಯಕವಲ್ಲ’ ಎಂಬ ಮಾತನ್ನು ‘ಹಾನಿಯಿಲ್ಲ’ ಎಂದು ಓದುವುದು ದೊಡ್ಡ ಪ್ರಮಾದ. ನೋಡಿದ ಮಕ್ಕಳ ಸಂಖ್ಯೆ ಚಿಕ್ಕದೆಂಬುದನ್ನೂ, ಎಲ್ಲರೂ ಪರೀಕ್ಷೆಗೆ ಒಪ್ಪಲಿಲ್ಲವೆಂಬುದನ್ನೂ ಶೋಧಕರು ತಮ್ಮ ಲೇಖನದಲ್ಲಿಯೇ ದಾಖಲಿಸಿದರು. ಇದರಿಂದ ಅವರ ಉಳಿದ ಮಾತುಗಳ ಬೆಲೆ ಹೆಚ್ಚಿತೆಂದೇ ನಾವು ಭಾವಿಸುತ್ತೇವೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿನವಾದುದು. ಅದನ್ನು ಅರಿಯಲು ಮಲೆನಾಡಿನ ಇನ್ನೊಂದು ಪ್ರಸಂಗ ಸಹಾಯಕವಾಗುತ್ತದೆ. 1970ರ ದಶಕದ ಮಧ್ಯದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಕೆಟ್ಟು ಜನರು ನಡೆಯಲಾರದಂತಾಗುವ ರೋಗವೊಂದು ಬೆಳಕಿಗೆ ಬಂದಿತು. ಕೀಟನಾಶಕ ಸೇರಿದ ಗದ್ದೆಗಳಲ್ಲಿ ಹಿಡಿದ ಏಡಿಗಳನ್ನು ತಿಂದುದೇ ಕಾರಣವಿರಬಹುದೆಂದು ಆಗ ಬಲವಾದ ಶಂಕೆಯಿದ್ದಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆಯ ಸಂಸ್ಥೆಯವರು ಶೋಧನೆ ನಡೆಸಿದರು. ರೋಗವು ಕೆಲವೇ ಮನೆತನಗಳಲ್ಲಿ ಕಾಣಿಸುತ್ತಿತ್ತು. ಮುಂದಿನ ವರ್ಷಗಳಲ್ಲಿ ವಂಶಾವಳಿಗಳನ್ನು ರಚಿಸಿ ಪರಿಶೀಲಿಸಿದಾಗ ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ಎಲುಬಿನ ರೋಗವೆಂದು ತಿಳಿಯಿತು. ಅಲ್ಲಿ ವಿಷವನ್ನು ಶಂಕಿಸಿ ಹೊರಟವರಿಗೆ ಆನುವಂಶಿಕತೆ ದೊರೆಯಿತು. ಪಡ್ರೆಯಲ್ಲಾದರೋ, ರಕ್ತಸಂಬಂಧದ ಮದುವೆಗಳೇ ರೋಗಗಳಿಗೆ ಕಾರಣವೆಂದು ಸೂಚಿಸಿದವರುಂಟು. ಆದರೆ ಅಲ್ಲಿ ನರಳಿದವರು ಒಂದು ಮನೆತನದವರಲ್ಲ, ಒಂದು ಜಾತಿ ಮತದವರಲ್ಲ. ಔದ್ಯೋಗಿಕ ಆರೋಗ್ಯ ಸಂಸ್ಥೆಯು ಎರಡು ಪ್ರದೇಶಗಳನ್ನು ಹೋಲಿಸಿ, ಎದ್ದು ಕಾಣುವ ಭೇದವು ವೈಮಾನಿಕ ಸಿಂಪರಣೆಯೊಂದೇ ಎಂದು ಕಂಡು, ಎಂಡೋಸಲ್ಫಾನಿನ ದೀರ್ಘಕಾಲದ ಸಂಪರ್ಕವೇ ಅತ್ಯಂತ ಸಂಭವನೀಯ ಕಾರಣವೆಂದು ವರದಿಯಿತ್ತಿತು. ಒಂದೇ ಬಗೆಯ ವಿವೇಚನೆಯು ಹಂದಿಗೋಡಿನಲ್ಲಿ ವಿಷವನ್ನು ಬಿಡುಗಡೆ ಮಾಡಿತು, ಪಡ್ರೆಯಲ್ಲಿ ಅದರತ್ತ ಬೆರಳು ತೋರಿತು. ಶೋಧನೆಯ ನಿಷ್ಪಕ್ಷಪಾತವೆಂದರೆ ಇದೇ.

ಹೀಗಿದ್ದೂ ವಿವಾದ ಮುಗಿಯಲಿಲ್ಲ. ಕೇರಳ ಸರಕಾರವು ನೇಮಿಸಿದ ಅಚ್ಯುತನ್ ಸಮಿತಿಯು 2001ರಲ್ಲಿಯೇ ವೈಮಾನಿಕ ಸಿಂಪರಣೆಯನ್ನು ನಿಲ್ಲಿಸಬೇಕೆಂದು ಶಿಫಾರಸು ಮಾಡಿತ್ತು. ಆದರೆ ಕೇಂದ್ರದ ಕೃಷಿ ಮಂತ್ರಾಲಯವು ನೇಮಿಸಿದ ದುಬೆ ಸಮಿತಿಯು 2003ರಲ್ಲಿ, ಎಂಡೋಸಲ್ಫಾನಿಗೂ ರೋಗಗಳಿಗೂ ಸಂಬಂಧವು ಸ್ಥಾಪಿತವಾಗಿಲ್ಲವೆಂದು ಹೇಳಿತು. ಈ ಭೇದದ ಮೂಲವು ರುಜುವಾತಿನ ಹೊಣೆಯನ್ನು ಯಾರ ಮೇಲೆ ಹೊರಿಸಿದರೆಂಬುದರಲ್ಲಿದೆ. ಸಂಬಂಧವು ಪೂರ್ಣವಾಗಿ ಸಿದ್ಧವಾಗುವವರೆಗೆ ಔಷಧವು ನಿರ್ದೋಷಿಯೆಂದು ಬಗೆಯುವುದು ಒಂದು ದೃಷ್ಟಿ. ಬಲವಾದ ಶಂಕೆಯಿರುವಾಗ ಮೊದಲು ಜನರನ್ನು ವಿಷದಿಂದ ದೂರವಿಡಬೇಕೆಂಬುದು ಮತ್ತೊಂದು ದೃಷ್ಟಿ. ಮೊದಲನೆಯದು ಆರೋಪಿಯ ವಿಚಾರಣೆಗೆ ಸಲ್ಲುವ ನಿಯಮ. ಅದನ್ನು ರಾಸಾಯನಿಕಕ್ಕೂ ಅನ್ವಯಿಸಿದರೆ ಸಂದೇಹದ ಲಾಭವು ರಾಸಾಯನಿಕಕ್ಕೂ, ಅದರ ನಷ್ಟವು ಮಕ್ಕಳಿಗೂ ದೊರೆಯುತ್ತದೆ.

ಕಾಲಕ್ರಮದಲ್ಲಿ ಎರಡನೆಯ ದೃಷ್ಟಿಯೇ ಮೇಲುಗೈ ಪಡೆಯಿತು. 2005ರಲ್ಲಿ ಕೇರಳದಲ್ಲಿ ಎಂಡೋಸಲ್ಫಾನಿನ ಬಳಕೆ ನಿಷಿದ್ಧವಾಯಿತು. 2011ರ ಫೆಬ್ರುವರಿಯಲ್ಲಿ ಕರ್ನಾಟಕವೂ ಅದನ್ನು ತಡೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ವರ್ಜ್ಯ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಅದರ ಉತ್ಪಾದನೆ ಮತ್ತು ಮಾರಾಟಗಳನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯವು ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಐದು ವರ್ಷಗಳ ತರುವಾಯ, 2022ರಲ್ಲಿಯೂ, ಆ ಆಜ್ಞೆ ಬಹುಪಾಲು ಪಾಲನೆಯಾಗದಿರುವುದಕ್ಕಾಗಿ ನ್ಯಾಯಾಲಯವು ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಶೋಧನೆಯು ಸತ್ಯವನ್ನು ತೋರಿಸಬಲ್ಲುದು. ಪರಿಹಾರವನ್ನು ಮನೆಬಾಗಿಲಿಗೆ ತಲುಪಿಸುವುದು ಅದರ ಶಕ್ತಿಯಲ್ಲಿಲ್ಲ.

ಈ ವಿಷಯವು ವಿದ್ಯಾಗಿರಿಯಲ್ಲಿ ಕುಳಿತ ನಮಗೆ ದೂರದ್ದೆಂದು ಯಾರೂ ಭಾವಿಸಬಾರದು. ಹುನಗುಂದ, ಇಳಕಲ್ಲು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂಬುದು ಭಾರತೀಯ ಮಾನಕ. ಇಲ್ಲಿ ವಿಷವನ್ನು ಯಾರೂ ಸಿಂಪಡಿಸಲಿಲ್ಲ. ಅದು ಕಲ್ಲಿನಿಂದಲೇ ನೀರಿಗೆ ಇಳಿದುಬರುತ್ತದೆ. ಆದರೆ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯನ್ನೂ, ಹಿರಿಯರ ಬಾಗದ ಬೆನ್ನನ್ನೂ ಕುರಿತು ಕೇಳಬೇಕಾದ ಪ್ರಶ್ನೆಗಳು ಆ ಮೂರೇ.

ಪಡ್ರೆಯ ಶೋಧಕರಿಗೆ ಒದಗಿದ ದೊಡ್ಡ ಕೊರತೆಯೆಂದರೆ, ಸಿಂಪರಣೆ ಆರಂಭವಾಗುವ ಮೊದಲು ಆ ಊರಿನ ಆರೋಗ್ಯ ಹೇಗಿತ್ತೆಂಬುದಕ್ಕೆ ಲೆಕ್ಕವಿಲ್ಲದುದು. ಈ ಕೊರತೆಯನ್ನು ತುಂಬಲು ದೊಡ್ಡ ಉಪಕರಣಗಳು ಬೇಡ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಬಾವಿಗಳ ನೀರನ್ನು ವರ್ಷಕ್ಕೆ ಎರಡು ಬಾರಿ, ಮಳೆಗೆ ಮುನ್ನ ಮತ್ತು ಮಳೆಯ ತರುವಾಯ, ಪರೀಕ್ಷಿಸಿ ದಿನಾಂಕಸಹಿತವಾಗಿ ಬರೆದಿಡಬಹುದು. ಹೋಲಿಕೆಗಾಗಿ ನೆರೆಯ ಊರೊಂದನ್ನೂ ಆರಿಸಿಕೊಳ್ಳಬಹುದು. ಕಂಡುದನ್ನು ಮೊದಲು ಆ ಬಾವಿಯ ನೀರು ಕುಡಿಯುವವರಿಗೇ ತಿಳಿಸಬಹುದು. ಮುಂದೊಂದು ದಿನ ಸರಕಾರದ ತಂಡವು ಆ ಊರಿಗೆ ಬಂದಾಗ, ಮೊದಲು ಹೇಗಿತ್ತೆಂದು ಅದು ಕೇಳುವ ಪ್ರಶ್ನೆಗೆ ಆ ಪುಸ್ತಕವೇ ಉತ್ತರವಾಗುವುದು.