ಇಚ್ಚಿತ್ತವಿಕಲತೆಯೂ ಗೋಷ್ಠೀಶಿಕ್ಷಣವೂ

1. ಹೆಸರಿನ ವಿಚಾರ

ರೋಗಕ್ಕಿಂತಲೂ ರೋಗದ ಹೆಸರೇ ಮನುಷ್ಯನನ್ನು ಹೆಚ್ಚು ಬಾಧಿಸುವುದುಂಟು. ಸ್ಕಿಜೋಫ್ರೇನಿಯವೆಂಬುದು ಅಂತಹ ಹೆಸರುಗಳಲ್ಲಿ ಒಂದು. ಸ್ವಿಟ್ಜರ್‌ಲೆಂಡಿನ ವೈದ್ಯರಾದ ಆಯ್ಗನ್ ಬ್ಲಾಯ್ಲರರು 1908ರಲ್ಲಿ ಬರ್ಲಿನ್ ನಗರದ ಉಪನ್ಯಾಸವೊಂದರಲ್ಲಿ ಈ ಶಬ್ದವನ್ನು ಬಳಕೆಗೆ ತಂದು, 1911ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದನ್ನು ವಿಸ್ತರಿಸಿದರು. ಎರಡು ಗ್ರೀಕ್ ಪದಗಳಿಂದಾದ ಈ ಸಮಾಸಕ್ಕೆ ‘ಸೀಳಿದ ಮನಸ್ಸು’ ಎಂಬುದು ಅವಯವಾರ್ಥ. ಆಲೋಚನೆ, ಭಾವ, ಇಚ್ಛೆ ಇವುಗಳನ್ನು ಒಂದುಗೂಡಿಸುವ ಬೆಸುಗೆಯು ಸಡಿಲುವುದೆಂಬುದೇ ಅವರ ಅಭಿಪ್ರಾಯವಾಗಿತ್ತೇ ಹೊರತು, ಒಂದೇ ದೇಹದಲ್ಲಿ ಇಬ್ಬರು ನೆಲಸಿರುವರೆಂಬುದಲ್ಲ.

ಕನ್ನಡದಲ್ಲಿ ಇದಕ್ಕೆ ‘ಛಿದ್ರಮನಸ್ಕತೆ’, ‘ಇಚ್ಚಿತ್ತವಿಕಲತೆ’ ಎಂಬ ಹೆಸರುಗಳು ಬಳಕೆಯಲ್ಲಿವೆ. ಇಕ್ಕೆಲ, ಇಬ್ಬಗೆ, ಇತ್ತಂಡ ಮೊದಲಾದ ಶಬ್ದಗಳಲ್ಲಿ ಕಾಣುವ ‘ಇರ್’ ಎಂಬ ಸಂಖ್ಯಾರೂಪವೇ ಇಚ್ಚಿತ್ತದಲ್ಲಿಯೂ ಇರುವುದರಿಂದ ಪದರಚನೆಯಲ್ಲಿ ದೋಷವಿಲ್ಲ. ಆದರೆ ಅವಯವಾರ್ಥವನ್ನೇ ನಂಬಿದವನಿಗೆ ‘ಎರಡು ಮನಸ್ಸುಳ್ಳವನು’ ಎಂಬ ತಪ್ಪು ತಿಳಿವಳಿಕೆಯುಂಟಾಗುವುದು. ಜಪಾನಿನ ಮನೋವೈದ್ಯರು ಇಂತಹುದೇ ಕಾರಣದಿಂದ 2002ರಲ್ಲಿ ತಮ್ಮ ಭಾಷೆಯ ಹಳೆಯ ಹೆಸರನ್ನು ಬಿಟ್ಟು, ಸಮನ್ವಯದ ಕುಂದು ಎಂಬರ್ಥದ ಹೊಸ ಹೆಸರನ್ನು ಸ್ವೀಕರಿಸಿದರು. ನಮ್ಮಲ್ಲಿ ಅಂತಹ ನಿರ್ಣಯವಾಗುವವರೆಗೆ, ಪಂಕಜಶಬ್ದವು ಕೆಸರಿನಲ್ಲಿ ಹುಟ್ಟಿದುದನ್ನೆಲ್ಲ ಹೇಳದೆ ಕಮಲವನ್ನು ಮಾತ್ರವೇ ಹೇಳುವಂತೆ, ಇಚ್ಚಿತ್ತವಿಕಲತೆಯನ್ನೂ ರೂಢಿಯ ಬಲದಿಂದ ಈ ರೋಗವಿಶೇಷಕ್ಕೇ ಸಂಕೇತವೆಂದು ಗ್ರಹಿಸತಕ್ಕದ್ದು.

2. ರೋಗದ ಸ್ವರೂಪ

ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೆಂದು ವರ್ಣಿಸಿದೆ. ಆ ಉನ್ಮಾದವೂ ಇಂದಿನ ಇಚ್ಚಿತ್ತವಿಕಲತೆಯೂ ಒಂದೇ ಎಂದು ಸಾಧಿಸಹೊರಡುವುದು ಸಾಹಸವಾದೀತು; ಅಲ್ಲಿನ ಶಬ್ದದ ವ್ಯಾಪ್ತಿ ಬಹು ದೊಡ್ಡದು. ಇಂದಿನ ವೈದ್ಯರು ಹೇಳುವ ಮುಖ್ಯ ಲಕ್ಷಣಗಳು ಇವು: ಯಾರೂ ಆಡದ ಮಾತು ಕಿವಿಗೆ ಕೇಳುವುದು, ನೆರೆಯವರು ತನಗೆ ಕೇಡು ಬಗೆಯುತ್ತಿರುವರೆಂಬಂತಹ ಅಲುಗದ ನಂಬಿಕೆ, ಮಾತಿನ ಸರಣಿ ಕಡಿದುಹೋಗುವುದು, ಉತ್ಸಾಹವೂ ಭಾವವೂ ಬತ್ತುವುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2 ಕೋಟಿ 40 ಲಕ್ಷ ಜನರಿಗೆ, ಅಂದರೆ ಸುಮಾರು 300 ಜನರಲ್ಲಿ ಒಬ್ಬರಿಗೆ, ಈ ರೋಗವಿದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812. ಮೇಲಿನ ಪ್ರಮಾಣವನ್ನು ಇಲ್ಲಿಗೆ ಅನ್ವಯಿಸಿದರೆ ಆರು ಸಾವಿರಕ್ಕೂ ಮೇಲಾಗುವುದು. ಇದು ಎಣಿಸಿದ ಲೆಕ್ಕವಲ್ಲ, ಗುಣಿಸಿದ ಲೆಕ್ಕ. ಆದರೂ ವಿಷಯದ ಗೌರವವನ್ನು ತಿಳಿಯಲು ಸಾಕು. ಔಷಧವೇ ಚಿಕಿತ್ಸೆಯ ಬುನಾದಿ. ಮುಂದೆ ಹೇಳಲಿರುವ ಶಿಕ್ಷಣವು ಔಷಧಕ್ಕೆ ಸಹಾಯಕವೇ ಹೊರತು ಅದಕ್ಕೆ ಬದಲಾದುದಲ್ಲ.

3. ಶಿಕ್ಷಣದ ಕ್ರಮ

ಎರಡು ಪಾತ್ರೆಗಳಿವೆ ಎಂದು ಭಾವಿಸಿರಿ. ಒಂದರಲ್ಲಿ 85 ಕೆಂಪು ಮಣಿಗಳೂ 15 ಹಸಿರು ಮಣಿಗಳೂ ಇವೆ. ಇನ್ನೊಂದರಲ್ಲಿ ಈ ಪ್ರಮಾಣವು ತಿರುವುಮುರುವು. ಪಾತ್ರೆಯನ್ನು ಮರೆಮಾಡಿ ಒಂದೊಂದೇ ಮಣಿಯನ್ನು ತೆಗೆದು ತೋರಿಸುತ್ತ, ಇದು ಯಾವ ಪಾತ್ರೆಯೆಂದು ಕೇಳುವರು. ಬೇಕಾದಷ್ಟು ಮಣಿಗಳನ್ನು ನೋಡಿದ ಬಳಿಕ ಉತ್ತರ ಕೊಡಬಹುದು. ಇಂಗ್ಲೆಂಡಿನ ಹಕ್, ಗ್ಯಾರಟಿ, ಹೆಮ್ಸ್‌ಲಿ ಎಂಬ ಸಂಶೋಧಕರು 1988ರಲ್ಲಿ ಈ ರೀತಿಯ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮಿಥ್ಯಾನಂಬಿಕೆಗೆ ಒಳಗಾದವರು ಇತರರಿಗಿಂತ ಕಡಮೆ ಮಣಿಗಳನ್ನು ನೋಡಿಯೇ ನಿರ್ಣಯ ಮಾಡುವರೆಂಬುದು ಅದರಿಂದ ಕಂಡುಬಂದಿತು.

ಇಂತಹ ಸಂಶೋಧನೆಗಳನ್ನು ಆಧರಿಸಿ ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟೆಫೆನ್ ಮೊರಿಟ್ಸರೂ ಕೆನಡದ ಟಾಡ್ ವುಡ್‌ವರ್ಡರೂ ಒಂದು ಗೋಷ್ಠೀಶಿಕ್ಷಣವನ್ನು ರಚಿಸಿದರು. ಅದಕ್ಕೆ ‘ಮೆಟಾಕಾಗ್ನಿಟಿವ್ ಟ್ರೈನಿಂಗ್’ ಎಂದು ಹೆಸರು. ನಮ್ಮ ಪರಿಭಾಷೆಯಲ್ಲಿ, ಜ್ಞಾನವನ್ನೇ ವಿಷಯವಾಗಿ ಮಾಡಿಕೊಂಡ ಜ್ಞಾನದ ಅಭ್ಯಾಸ. ಮೂರರಿಂದ ಹತ್ತು ಜನರು ಕೂಡಿ, ಎಂಟು ಪಾಠಗಳನ್ನು, ಒಂದೊಂದನ್ನೂ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಸುವರು. ಒಂದು ಪಾಠದಲ್ಲಿ, ಕೆಲವೇ ಗೆರೆಗಳಿಂದ ಆರಂಭವಾಗಿ ಕ್ರಮವಾಗಿ ಪೂರ್ಣವಾಗುವ ಚಿತ್ರವನ್ನು ತೋರಿಸಿ, ಅದು ಯಾವ ವಸ್ತುವೆಂದು ಹಂತಹಂತಕ್ಕೂ ಕೇಳುವರು. ಇನ್ನೊಂದರಲ್ಲಿ, ಒಂದು ಘಟನೆಗೆ ತಾನು, ಪರರು, ಸಂದರ್ಭ ಎಂಬ ಮೂರು ಬಗೆಯ ಕಾರಣಗಳನ್ನೂ ಹುಡುಕಿಸುವರು. ಮುಖಭಾವವನ್ನು ತಿಳಿಯುವುದು, ನೆನಪು ಮೋಸಮಾಡುವ ಬಗೆ, ಹೊಸ ಸಾಕ್ಷ್ಯ ಬಂದಾಗ ಅಭಿಪ್ರಾಯವನ್ನು ತಿದ್ದಿಕೊಳ್ಳುವುದು, ಖಿನ್ನತೆಯ ಆಲೋಚನೆಗಳು ಇವು ಉಳಿದ ಪಾಠಗಳ ವಿಷಯಗಳು.

ಕೊನೆಗೆ ಪ್ರತಿಯೊಬ್ಬರಿಗೂ ಒಂದು ಹಳದಿಯ ಚೀಟಿಯನ್ನು ಕೊಡುವರು. ಅದರಲ್ಲಿ ಮೂರು ಪ್ರಶ್ನೆಗಳಿರುವುವು: ಇದಕ್ಕೆ ಆಧಾರವೇನು? ಇದನ್ನು ಬೇರೆ ರೀತಿಯಲ್ಲಿ ತಿಳಿಯಬಹುದೇ? ಹಾಗೆಯೇ ಇದ್ದರೂ ನಾನು ಅತಿಯಾಗಿ ವರ್ತಿಸುತ್ತಿರುವೆನೇ? ಆಪತ್ತಿನಲ್ಲಿ ಯಾರನ್ನು ಕರೆಯಬೇಕೆಂಬುದನ್ನು ಬರೆದುಕೊಳ್ಳಲು ಕೆಂಪು ಚೀಟಿಯೊಂದು ಬೇರೆ ಇರುವುದು.

4. ನ್ಯಾಯಶಾಸ್ತ್ರದ ಬೆಳಕಿನಲ್ಲಿ

ಧೂಳನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸುವವನ ದೃಷ್ಟಾಂತವನ್ನು ತರ್ಕವನ್ನೋದಿದವರೆಲ್ಲರೂ ಬಲ್ಲರು. ಇಬ್ಬರು ಪಿಸುಮಾತಾಡಿದುದನ್ನು ಕಂಡು ‘ನನ್ನನ್ನೇ ಕುರಿತು ಆಡಿಕೊಂಡರು’ ಎಂದು ನಿಶ್ಚಯಿಸುವುದೂ ವ್ಯಭಿಚಾರಿಯಾದ ಹೇತುವಿನಿಂದ ಹೊರಟ ಅನುಮಾನವೇ. ಪಿಸುಮಾತಿಗೆ ನೂರು ಕಾರಣಗಳುಂಟು. ಸಂಶಯವು ನೆಲೆಗೊಳ್ಳುವ ಮೊದಲೇ ನಿರ್ಣಯವು ಹುಟ್ಟುವುದೇ ಇಲ್ಲಿನ ದೋಷ.

ಆದರೆ ಹೋಲಿಕೆಯು ಇಲ್ಲಿಗೆ ನಿಲ್ಲುವುದು. ಹಗ್ಗವನ್ನು ಹಾವೆಂದು ತಿಳಿದವನಿಗೆ ದೀಪವನ್ನು ತಂದು ತೋರಿದರೆ ಬಾಧಕಜ್ಞಾನವುಂಟಾಗಿ ಭ್ರಮೆ ಅಳಿಯುವುದು. ರೋಗಿಯ ನಂಬಿಕೆಯಲ್ಲಾದರೋ ದೀಪ ತಂದವನೂ ಹಾವಿನ ಪಕ್ಷದವನಾಗಿ ಕಾಣುವನು. ವಾದಿಸಿದಷ್ಟೂ ನಂಬಿಕೆ ಬಿಗಿಯಾಗುವುದು. ಮನೆಯವರು ತಿಂಗಳುಗಟ್ಟಲೆ ವಾದಿಸಿ ಸೋಲುವುದು ಇದರಿಂದಲೇ. ಈ ಶಿಕ್ಷಣದ ವಿವೇಕವು ಇಲ್ಲಿಯೇ ಇದೆ. ಅದು ರೋಗಿಯ ಹಾವನ್ನು ಮುಟ್ಟುವುದಿಲ್ಲ. ಯಾರಿಗೂ ಸಂಬಂಧಿಸದ ಚಿತ್ರಗಳಲ್ಲಿ ದೀಪ ಹಿಡಿಯುವ ಅಭ್ಯಾಸವನ್ನು ಮಾಡಿಸುವುದು. ಎಲ್ಲ ಮನುಷ್ಯರೂ ಹೀಗೆ ಎಡವುವರೆಂದು ನಗುನಗುತ್ತ ತಿಳಿದುಕೊಂಡವನಿಗೆ, ತನ್ನ ನಂಬಿಕೆಯನ್ನು ತಾನೇ ಪರೀಕ್ಷಿಸಲು ಧೈರ್ಯ ಬರುವುದು.

ವಾದ, ಜಲ್ಪ, ವಿತಂಡ ಎಂದು ಕಥೆಯು ಮೂರು ಬಗೆ. ಗೆಲ್ಲುವುದಕ್ಕಾಗಿ ನಡೆಯುವ ಜಲ್ಪವೂ, ಸ್ವಪಕ್ಷಸ್ಥಾಪನೆಯಿಲ್ಲದೆ ಖಂಡಿಸುವ ವಿತಂಡವೂ ಇಲ್ಲಿ ಸಲ್ಲವು. ತತ್ತ್ವವನ್ನು ತಿಳಿಯುವುದಕ್ಕಾಗಿ ಸಮಾನರು ಕೂಡಿ ನಡೆಸುವ ವಾದವೇ ಈ ಗೋಷ್ಠಿಗೆ ತಕ್ಕುದು.

5. ಫಲವಿಚಾರ

2022ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 43 ಅಧ್ಯಯನಗಳನ್ನೂ ಅವುಗಳಲ್ಲಿದ್ದ 1,816 ಜನರನ್ನೂ ಒಟ್ಟಿಗೆ ಪರಿಶೀಲಿಸಿತು. ಮಿಥ್ಯಾನಂಬಿಕೆ ಮೊದಲಾದ ಲಕ್ಷಣಗಳು ಮಧ್ಯಮ ಪ್ರಮಾಣದಲ್ಲಿ ತಗ್ಗುವುವೆಂದೂ, ಆ ಫಲವು ಒಂದು ವರ್ಷದವರೆಗೂ ಉಳಿಯುವುದೆಂದೂ ಅದರಿಂದ ತಿಳಿದುಬಂದಿದೆ. ‘ಮಧ್ಯಮ’ ಎಂಬ ಮಾತನ್ನು ಮರೆಯಬಾರದು, ಇದು ಸಿದ್ಧೌಷಧವಲ್ಲ. ಭಾರತದಲ್ಲಿ ರಾಂಚಿಯ ಕೇಂದ್ರೀಯ ಮನೋವೈದ್ಯ ಸಂಸ್ಥೆಯ ವಿದ್ವಾಂಸರು ಇದನ್ನು ಪ್ರಯೋಗಿಸಿ 2010ರಲ್ಲಿ ಲೇಖನವನ್ನು ಪ್ರಕಟಿಸಿರುವರು.

6. ರಾಯಚೂರು ಸೀಮೆಯ ಮಾತು

ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯು ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದುದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಶಿಕ್ಷಣವನ್ನು ಕೊಟ್ಟರು; ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇಂತಹ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ದೂರವಾಣಿಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ.

ಆದರೂ ಗೋಷ್ಠೀಶಿಕ್ಷಣವು ಮಾತಿನಿಂದ ನಡೆಯುವ ಚಿಕಿತ್ಸೆ; ಮಾತು ಒಪ್ಪದಿದ್ದರೆ ಚಿಕಿತ್ಸೆಯೂ ಒಪ್ಪದು. ನೆನಪಿನ ಪಾಠದಲ್ಲಿ ಮೂಲದವರು ಸಮುದ್ರತೀರದ ಚಿತ್ರವನ್ನು ತೋರಿಸಿ, ಅಲ್ಲಿಲ್ಲದ ವಸ್ತುವನ್ನು ಇತ್ತೆಂದು ನೋಡುಗರು ನೆನೆಯುವುದನ್ನು ಕಾಣಿಸುವರು. ಕಡಲನ್ನು ಕಾಣದ ದೇವದುರ್ಗದ ರೈತನಿಗೆ ಆ ಚಿತ್ರದಿಂದ ಯಾವ ನಿರೀಕ್ಷೆಯೂ ಹುಟ್ಟದಾದುದರಿಂದ ನೆನಪು ಮೋಸಹೋಗುವುದಕ್ಕೂ ಎಡೆಯಿಲ್ಲ. ಅಲ್ಲಿ ವಾರದ ಸಂತೆಯನ್ನೋ ಜಾತ್ರೆಯನ್ನೋ ಉರುಸನ್ನೋ ಬರೆಯಬೇಕು. ಪಿಸುಮಾತಿನ ಪಾಠಕ್ಕೆ ಮಾನ್ವಿಯ ಬಸ್ ನಿಲ್ದಾಣದ ಚಹಾದಂಗಡಿಯೇ ಸಾಕು. 2011ರಲ್ಲಿ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 59.56 ಮಾತ್ರವಿದ್ದುದರಿಂದ, ಬರೆಹದ ಚೀಟಿಗಿಂತ ಬಾಯಿಪಾಠವಾಗುವ ಮಾತೂ ಚಿತ್ರವೂ ಹೆಚ್ಚು ಉಪಯುಕ್ತ. ‘ಆಧಾರವೇನು’ ಎಂಬುದು ಗ್ರಂಥದ ಮಾತು. ‘ಇದು ನಿನಗ ಹ್ಯಾಂಗ ಗೊತ್ತಾತು?’ ಎಂಬುದು ಈ ಸೀಮೆಯ ಮಾತು. ‘ತಲಿ ಕೆಟ್ಟದ’, ‘ಗಾಳಿ ಬಡದದ’ ಎಂಬ ನುಡಿಗಳು ರೋಗಿಯನ್ನು ನಾಚಿಕೆಗೂ, ಮನೆಯವರನ್ನು ವಿಳಂಬಕ್ಕೂ ತಳ್ಳುವುವು. ಅವುಗಳಿಗೆ ಬದಲಾಗಿ ‘ಕಾಯಿಲೆ ಆಗ್ಯದ, ಔಷಧ ಅದ’ ಎಂಬ ನುಡಿಯು ರೂಢಿಗೆ ಬರಬೇಕಾಗಿದೆ.

ಚಿಕಿತ್ಸೆಯು ವೈದ್ಯರ ಕೆಲಸ. ಆದರೆ ಹೆಸರನ್ನು ಶೋಧಿಸುವುದು, ದೃಷ್ಟಾಂತವನ್ನು ಆರಿಸುವುದು, ಪ್ರಶ್ನೆಯನ್ನು ನೋಯಿಸದಂತೆ ಕೇಳುವ ವಾಕ್ಯವನ್ನು ಕಟ್ಟುವುದು ಇವು ಭಾಷೆಯನ್ನು ಬಲ್ಲವರ ಕೆಲಸ. ಪಾಠಶಾಲೆಯಲ್ಲಿ ಭ್ರಾಂತಿಯ ಲಕ್ಷಣವನ್ನು ದಿನವೂ ಹೇಳುವ ನಮ್ಮ ಉಪಾಧ್ಯಾಯರು, ಭ್ರಾಂತಿಯಿಂದ ನಿಜವಾಗಿ ನೋಯುತ್ತಿರುವವರಿಗಾಗಿ ಈ ಎಂಟು ಪಾಠಗಳನ್ನು ವೈದ್ಯರೊಡನೆ ಕುಳಿತು ಕನ್ನಡದಲ್ಲಿ ಹದಗೊಳಿಸಿಕೊಡುವುದು ಅಸಾಧ್ಯವಲ್ಲ. ಅದು ಅವರ ವಿದ್ಯೆಗೆ ಹೊರಗಿನ ಕಾರ್ಯವೂ ಅಲ್ಲ.