ನಿಮಗಿದು ಗೊತ್ತೆ? ಕೋವಿಗೂ ಬೇಕು ಕವೆಗೋಲು!

ಕಾಡುಹಂದಿ, ಮಂಗಗಳ ಕಾಟ ತಾಳಲಾರದೆ ಕಾರ್ಕಳ, ಕಾಪು ಕಡೆಯ ಕೃಷಿಕರು ಬೆಳೆ ರಕ್ಷಣೆಯ ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳುವುದು ಹಳೆಯ ರೂಢಿ.

ಆದರೆ ಕೋವಿ ಇದ್ದರೆ ಸಾಲದು, ಅದು ಅಲುಗದಂತೆ ಆಸರೆಯೂ ಬೇಕು. ಕೋವಿ ಹಿಡಿದವರ ಉಸಿರು, ನಾಡಿಬಡಿತ ಎರಡೂ ನಳಿಗೆಯನ್ನು ಅಲುಗಿಸುತ್ತವೆ. ನಳಿಗೆ ಒಂದೇ ಒಂದು ಡಿಗ್ರಿ ವಾಲಿದರೂ 50 ಮೀಟರ್ ದೂರದಲ್ಲಿ ಗುರಿ ಸುಮಾರು 87 ಸೆಂ.ಮೀ. ತಪ್ಪುತ್ತದೆ! 16-17ನೇ ಶತಮಾನದ ಯುರೋಪಿನ ಸೈನಿಕರು ಭಾರದ ಬಂದೂಕಿಗೆ ಆಸರೆಯಾಗಿ ಕವೆಗೋಲನ್ನೂ ಹೊತ್ತು ನಡೆಯುತ್ತಿದ್ದರು. ಈಗ ಮಡಚಿ ಒಯ್ಯುವ ಎರಡು ಕಾಲಿನ, ಮೂರು ಕಾಲಿನ ಆಸರೆಗಳಿವೆ. ಅವುಗಳ ಮೇಲೆ ಆನಿಸಬೇಕಾದದ್ದು ನಳಿಗೆಯ ಕೆಳಗಿನ ಮರದ ಭಾಗವನ್ನು. ನಳಿಗೆಯೇ ಗಟ್ಟಿ ವಸ್ತುವಿಗೆ ತಾಗಿದ್ದರೆ ಗುಂಡು ಗುರಿ ಬಿಟ್ಟು ಹೋಗಬಹುದು.

ಆದರೆ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವುದೂ ಅಪರಾಧ. ಇನ್ನೊಂದು ಮಾತು: ಗುಂಡು ತುಂಬಿದ ಕೋವಿಯನ್ನು ಕವೆಗೋಲಿಗೋ ಮರಕ್ಕೋ ಒರಗಿಸಿಟ್ಟು ಎಂದೂ ಆಚೆ ಹೋಗಬೇಡಿ.