1584 ± 4 ± 76: ಎಣಿಸಿದ್ದಕ್ಕಿಂತ ತಿದ್ದಿದ್ದೇ ಹೆಚ್ಚು

ಕಾಲೇಜಿನ ಲ್ಯಾಬ್‌ನಲ್ಲಿ ರೀಡಿಂಗ್ ಪಕ್ಕ ಪ್ಲಸ್-ಮೈನಸ್ ಹಾಕುವಾಗ ನಾವ್ಯಾರೂ ಅದನ್ನು ಗಂಭೀರವಾಗಿ ತಗೊಂಡವರಲ್ಲ. ವೈವಾದಲ್ಲಿ ಕೇಳ್ತಾರೆ ಅಂತ ಹಾಕುತ್ತಿದ್ದೆವು, ಅಷ್ಟೇ. ಆದರೆ 2010ರ ನವೆಂಬರ್‌ನಲ್ಲಿ ಜಿನೀವಾ ಬಳಿಯ ಸರ್ನ್‌ನಿಂದ ಬಂದ ಒಂದು ಸಂಖ್ಯೆಯ ಅಸಲಿ ಕತೆ ಇರುವುದೇ ಅಲ್ಲಿ: 1584 ± 4 ± 76.

ಆ ತಿಂಗಳು ಲಾರ್ಜ್ ಹೇಡ್ರಾನ್ ಕೊಲೈಡರ್‌ನಲ್ಲಿ ಮೊದಲ ಬಾರಿಗೆ ಸೀಸದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಲಾಯಿತು. ಕ್ಷಣಮಾತ್ರ ಕ್ವಾರ್ಕ್-ಗ್ಲುವಾನ್‌ಗಳ ಬಿಸಿ ದ್ರವ ಹುಟ್ಟಿ, ಸಿಡಿದು, ಸಾವಿರಾರು ಕಣಗಳಾಗುತ್ತದೆ. ಅತ್ಯಂತ ನೇರವಾದ ಶೇ 5ರಷ್ಟು ಡಿಕ್ಕಿಗಳಲ್ಲಿ, ಕಿರಣಕ್ಕೆ ಅಡ್ಡಲಾಗಿ, ಆಚೀಚೆ ಸುಮಾರು 27 ಡಿಗ್ರಿಯೊಳಗೆ ಹೊರಬಿದ್ದ ವಿದ್ಯುದಾವೇಶವಿರುವ ಕಣಗಳ ಸರಾಸರಿಯೇ ಈ 1584. ಅಳೆದದ್ದು ಆಲಿಸ್ ಪ್ರಯೋಗ. ಆ ದ್ರವಕ್ಕೆ ಎಷ್ಟು ಶಕ್ತಿ ಇಳಿಯಿತು ಎಂಬುದರ ಮೊದಲ ಅಂದಾಜು ಸಿಗುವುದು ಈ ಲೆಕ್ಕದಿಂದಲೇ.

ಮಜಾ ಏನಂದರೆ, ಉತ್ತರ ಗೊತ್ತಾಗುವ ಮೊದಲೇ ಯಂತ್ರ ಕಟ್ಟಬೇಕಿತ್ತು. 1990ರ ದಶಕದ ಕೆಲವು ಅಂದಾಜುಗಳು 8000ದವರೆಗೂ ಹೋಗಿದ್ದವು. ಆಲಿಸ್ ಅಷ್ಟು ದಟ್ಟಣೆ ತಡೆದುಕೊಳ್ಳುವಂತೆಯೇ ವಿನ್ಯಾಸಗೊಂಡಿತು. ಬಂದದ್ದು ಅದರ ಐದನೇ ಒಂದು ಭಾಗ. ದುಂದು ಅನ್ನಬಹುದು, ನಾನು ಅನ್ನಲಾರೆ. ಸೇತುವೆ ಕಟ್ಟುವವರೂ ಹೀಗೇ ಲೆಕ್ಕ ಹಾಕುವುದು.

ಇನ್ನು ಎಣಿಕೆ. ಆಗ ಡಿಕ್ಕಿಯ ಜಾಗದ ಸುತ್ತ ಸಿಲಿಕಾನ್ ಪಿಕ್ಸೆಲ್‌ಗಳ ಎರಡು ಕೊಳವೆಗಳಿದ್ದವು. ಒಂದರ ತ್ರಿಜ್ಯ ಸುಮಾರು 4 ಸೆಂಟಿಮೀಟರ್, ಇನ್ನೊಂದರದ್ದು 7.6. ಕಣ ಹಾದರೆ ಎರಡರಲ್ಲೂ ಒಂದೊಂದು ಚುಕ್ಕಿ. ಡಿಕ್ಕಿಯ ಬಿಂದು ಮತ್ತು ಎರಡೂ ಚುಕ್ಕಿ ಒಂದೇ ಸಾಲಿಗೆ ಬಂದರೆ ಒಂದು ಕಣ. ಸರಳವೇ. ಆದರೆ ಸಾವಿರಾರು ಚುಕ್ಕಿಗಳಿರುವಾಗ ಸಂಬಂಧವೇ ಇಲ್ಲದ ಎರಡು ಅಕಸ್ಮಾತ್ ಸಾಲಿಗೆ ಬರುತ್ತವಲ್ಲ? ಅದಕ್ಕೊಂದು ಉಪಾಯ: ಕಂಪ್ಯೂಟರಿನಲ್ಲಿ ಒಂದು ಪದರದ ಚುಕ್ಕಿಗಳನ್ನೆಲ್ಲ ತಿರುಗಿಸಿಬಿಡುವುದು. ಆಮೇಲೂ ಸಿಗುವ ಜೋಡಿಗಳೆಲ್ಲ ಸುಳ್ಳೇ; ಎಷ್ಟು ಕಳೆಯಬೇಕು ಎಂಬ ಅಂದಾಜು ಅದರಿಂದ ಬರುತ್ತದೆ. ಇಷ್ಟಕ್ಕೇ ಮುಗಿಯಲ್ಲ. ಡಿಕ್ಕಿಯಲ್ಲಿ ಹುಟ್ಟದೆ, ಬೇರೆ ಕಣ ಒಡೆದಾಗಲೋ ಡಿಟೆಕ್ಟರಿನ ಗೋಡೆಗೆ ಬಡಿದಾಗಲೋ ಹುಟ್ಟಿದವನ್ನು ಕಳೆಯಬೇಕು. ದಾರಿಯಲ್ಲೇ ಹೀರಿಹೋದ ನಿಧಾನದ ಕಣಗಳನ್ನು ಸೇರಿಸಬೇಕು.

ಈಗ ಆ ಎರಡು ಪ್ಲಸ್-ಮೈನಸ್ ನೋಡಿ. 4 ಎಂಬುದು ಎಣಿಕೆಯ ಏರುಪೇರು. ಇನ್ನಷ್ಟು ಡಿಕ್ಕಿಗಳನ್ನು ನೋಡಿದರೆ ಕುಗ್ಗುತ್ತದೆ. 76 ಈ ತಿದ್ದುಪಡಿಗಳ ಬಗೆಗಿನ ಅನುಮಾನ. ಡೇಟಾ ಎಷ್ಟೇ ಸುರಿದರೂ ಅದು ತಾನಾಗಿ ಕಡಿಮೆಯಾಗಲ್ಲ. ಚುನಾವಣಾ ಸಮೀಕ್ಷೆಯವರು ನಮಗೆ ತೋರಿಸುವುದು ಸಾಮಾನ್ಯವಾಗಿ ಮೊದಲ ಬಗೆಯದ್ದನ್ನು ಮಾತ್ರ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಅಮೆರಿಕದ ರಿಕ್ ಯಂತ್ರದ ಚಿನ್ನದ ಡಿಕ್ಕಿಗಳಿಗಿಂತ ಶಕ್ತಿ ಸುಮಾರು 14 ಪಟ್ಟು ಹೆಚ್ಚಿತ್ತು. ಡಿಕ್ಕಿಯಲ್ಲಿ ಪಾಲ್ಗೊಂಡ ಪ್ರೋಟಾನ್-ನ್ಯೂಟ್ರಾನ್‌ಗಳ ಲೆಕ್ಕದಲ್ಲಿ ಕಣಗಳು ಹೆಚ್ಚಿದ್ದು 2.2 ಪಟ್ಟು ಮಾತ್ರ. ಆದರೂ ಪ್ರೋಟಾನ್-ಪ್ರೋಟಾನ್ ಡಿಕ್ಕಿಗಳಲ್ಲಿನ ಏರಿಕೆಗಿಂತ ಇದು ವೇಗದ್ದು. ಅಂದರೆ ಸೀಸದ ಡಿಕ್ಕಿ ನೂರಾರು ಪ್ರೋಟಾನ್ ಡಿಕ್ಕಿಗಳ ಬರೀ ಕೂಡಿಕೆ ಅಲ್ಲ. 2015ರಲ್ಲಿ ಶಕ್ತಿ ಇನ್ನಷ್ಟು ಹೆಚ್ಚಿಸಿದಾಗ ಬಂದ 1943 ಇದೇ ಗೆರೆಯ ಮೇಲೆ ಕೂತಿತು. 2017ರಲ್ಲಿ ಸೀಸದ ಬದಲು ಚಿಕ್ಕ ಗಾತ್ರದ ಕ್ಸೆನಾನ್ ಹಾಕಿದರು. ಬಂದದ್ದು 1167. ಅದರ ಅತಿ ನೇರ ಡಿಕ್ಕಿಗಳಲ್ಲಿ, ಅಷ್ಟೇ ಪ್ರೋಟಾನ್-ನ್ಯೂಟ್ರಾನ್‌ಗಳು ಪಾಲ್ಗೊಂಡ ಸೀಸದ ಡಿಕ್ಕಿಗಳಿಗಿಂತ ಜಾಸ್ತಿ ಕಣಗಳು ಹುಟ್ಟಿದ್ದವು. ಆಗ ಕೈಯಲ್ಲಿದ್ದ ಸಿದ್ಧಾಂತಗಳಿಗೆ ಆ ಏರಿಕೆಯನ್ನು ಪೂರ್ತಿಯಾಗಿ ವಿವರಿಸಲು ಆಗಲಿಲ್ಲ.